ಹಾಡುವ ಪೆಟ್ಟಿಗೆಗೆ ಎಣ್ಣೆ: ಎಲ್ಲಿ ಬೇಕು, ಎಲ್ಲಿ ಬೇಡ?

ಯಂತ್ರಗಳಿಗೆ ಕಾಲಕಾಲಕ್ಕೆ ಎಣ್ಣೆ ಹಾಕಬೇಕೆಂಬುದು ಎಲ್ಲರೂ ಬಲ್ಲ ಮಾತು. ಎಲ್ಲಿ ಹಾಕಬಾರದೆಂಬುದನ್ನು ಬಲ್ಲವರು ಮಾತ್ರ ಕಡಿಮೆ. ಬೈಸಿಕಲ್ಲಿನ ಸರಪಣಿಗೂ ಚಕ್ರದ ಅಚ್ಚಿಗೂ ಎಣ್ಣೆ ಬಿಡುವವನು ಅದೇ ಎಣ್ಣೆಯನ್ನು ಬ್ರೇಕಿನ ರಬ್ಬರಿಗೂ ಸವರಿದನೆಂದು ಭಾವಿಸೋಣ. ಮೊದಲನೆಯ ಇಳಿಜಾರಿನಲ್ಲಿಯೇ ಅವನಿಗೆ ತನ್ನ ತಪ್ಪಿನ ಅರಿವಾಗುತ್ತದೆ. ಅಚ್ಚಿನಲ್ಲಿ ಘರ್ಷಣೆ ನಮ್ಮ ಶತ್ರು. ಬ್ರೇಕಿನಲ್ಲಿ ಅದೇ ಘರ್ಷಣೆ ನಮ್ಮ ಪ್ರಾಣವನ್ನು ಕಾಯುವ ಮಿತ್ರ. ಒಂದು ಯಂತ್ರವನ್ನು ಅರಿತುಕೊಳ್ಳುವುದೆಂದರೆ ಅದರ ಯಾವ ಭಾಗದಲ್ಲಿ ಘರ್ಷಣೆ ಇರಬೇಕು, ಯಾವ ಭಾಗದಲ್ಲಿ ಇರಬಾರದು ಎಂಬುದನ್ನು ಅರಿತುಕೊಳ್ಳುವುದೇ ಆಗಿದೆ.

ಈ ತತ್ತ್ವವನ್ನು ಬಹು ಸೊಗಸಾಗಿ ತೋರಿಸುವ ಯಂತ್ರವೊಂದುಂಟು. ಅದು ಅಮೆರಿಕದ ಹಳೆಯ ಜ್ಯೂಕ್‌ಬಾಕ್ಸ್. ಎಪ್ಪತ್ತು ಎಂಬತ್ತು ವರ್ಷಗಳ ಹಿಂದೆ ತಯಾರಾದ ಈ ಪೆಟ್ಟಿಗೆಗಳನ್ನು ಉಳಿಸಿಕೊಂಡು ಮತ್ತೆ ಹಾಡಿಸುವ ಕೆಲಸದಲ್ಲಿ ಇಂದಿಗೂ ಅನೇಕರು ತೊಡಗಿದ್ದಾರೆ. ನಿಂತುಹೋದ ಇಂಥ ಯಂತ್ರವೊಂದನ್ನು ಬಿಚ್ಚಿ ನೋಡಿದಾಗ ಅದರಲ್ಲಿ ಮುರಿದ ಭಾಗಗಳು ಹೆಚ್ಚಾಗಿ ಕಾಣುವುದಿಲ್ಲ. ಕಾಣುವುದು, ಹಿಂದೊಮ್ಮೆ ಅದರ ಹಿತಕ್ಕೆಂದೇ ಹಾಕಿದ್ದ ಎಣ್ಣೆ ಮತ್ತು ಗ್ರೀಸುಗಳು ಗಟ್ಟಿಯಾಗಿ ಅಂಟಿನಂತೆ ಎಲ್ಲವನ್ನೂ ಹಿಡಿದಿಟ್ಟಿರುವ ದೃಶ್ಯ. ಇದು ಹೇಗಾಯಿತು, ಇದಕ್ಕೆ ಪರಿಹಾರವೇನು, ಅದರ ಹಿಂದಿರುವ ವಿಜ್ಞಾನವೇನು ಎಂಬುದನ್ನು ಈಗ ವಿಚಾರಿಸೋಣ.

ನಾಣ್ಯದಿಂದ ಸಂಗೀತ

ಜ್ಯೂಕ್‌ಬಾಕ್ಸೆಂದರೆ, ನಾಣ್ಯವನ್ನು ಹಾಕಿ ಗುಂಡಿಗಳನ್ನು ಒತ್ತಿದೊಡನೆ ನಾವು ಆರಿಸಿದ ಗ್ರಾಮಫೋನ್ ತಟ್ಟೆಯನ್ನು ತಾನಾಗಿಯೇ ತೆಗೆದು, ನುಡಿಸಿ, ಮರಳಿ ಅದರ ಸ್ಥಾನದಲ್ಲಿರಿಸುವ ಯಂತ್ರ. ಇದರ ಮೂಲಪುರುಷನು ಹುಟ್ಟಿದುದು ೧೮೮೯ರ ನವೆಂಬರ್ ೨೩ರಂದು. ಅಂದು ಲೂಯಿ ಗ್ಲಾಸ್ ಎಂಬಾತನು ಸಾನ್ ಫ್ರಾನ್ಸಿಸ್ಕೋ ನಗರದ ಪಾನಗೃಹವೊಂದರಲ್ಲಿ ಎಡಿಸನ್ನನ ಫೋನೋಗ್ರಾಫಿಗೆ ನಾಣ್ಯದ ಸೀಳುಗಂಡಿಯನ್ನು ಜೋಡಿಸಿ ಇರಿಸಿದನು. ಧ್ವನಿಯನ್ನು ವರ್ಧಿಸುವ ಉಪಾಯ ಆಗ ಇರಲಿಲ್ಲವಾದುದರಿಂದ ನಾಲ್ಕು ಕೊಳವೆಗಳನ್ನು ಕಿವಿಗೆ ಹಚ್ಚಿಕೊಂಡು ಕೇಳಬೇಕಾಗಿತ್ತು. ವಾಲ್ವುಗಳಿಂದ ಧ್ವನಿಯನ್ನು ವರ್ಧಿಸುವ ವಿಧಾನ ೧೯೨೦ರ ದಶಕದಲ್ಲಿ ಬಂದ ಮೇಲೆ ಇಡೀ ಅಂಗಳಕ್ಕೆ ಕೇಳಿಸುವಂತೆ ಹಾಡುವ ಪೆಟ್ಟಿಗೆಗಳು ಸಾಧ್ಯವಾದುವು. ಜ್ಯೂಕ್ ಎಂಬ ಮಾತು ಅಮೆರಿಕದ ಆಗ್ನೇಯ ತೀರದಲ್ಲಿ ಆಫ್ರಿಕನ್ ಮೂಲದ ಜನರು ಆಡುವ ಗಲ್ಲಾ ಭಾಷೆಯಿಂದ ಬಂದುದೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಕುಡಿತ ಕುಣಿತಗಳ ಗದ್ದಲದ ಮನೆಗಳಿಗೆ ಆ ಹೆಸರಿತ್ತು.

ಎರಡನೆಯ ಮಹಾಯುದ್ಧ ಮುಗಿದ ಮೇಲಿನ ವರ್ಷಗಳು ಈ ಯಂತ್ರದ ವೈಭವಕಾಲ. ೧೯೪೬ರಲ್ಲಿ ವುರ್ಲಿಟ್ಜರ್ ಸಂಸ್ಥೆಯವರು ಹೊರತಂದ ೧೦೧೫ ಎಂಬ ಮಾದರಿಯಲ್ಲಿ ೨೪ ತಟ್ಟೆಗಳಿದ್ದುವು. ಪಾಲ್ ಫುಲ್ಲರ್ ಎಂಬ ಶಿಲ್ಪಿ ಅದಕ್ಕೆ ಬಣ್ಣದ ಕಮಾನನ್ನೂ, ಗುಳ್ಳೆಗಳು ಮೇಲೇಳುವ ಗಾಜಿನ ಕೊಳವೆಗಳನ್ನೂ ರೂಪಿಸಿದನು. ಅದು ಐವತ್ತಾರು ಸಾವಿರಕ್ಕೂ ಮಿಕ್ಕಿ ಮಾರಾಟವಾಯಿತು. ೧೯೪೮ರಲ್ಲಿ ಷಿಕಾಗೋ ನಗರದ ಸೀಬರ್ಗ್ ಸಂಸ್ಥೆಯವರು ೫೦ ತಟ್ಟೆಗಳ ಎರಡು ಮಗ್ಗುಲುಗಳನ್ನೂ, ಎಂದರೆ ನೂರು ಹಾಡುಗಳನ್ನು ನುಡಿಸಬಲ್ಲ ಯಂತ್ರವನ್ನು ರಚಿಸಿದರು. ಆರ್.ಸಿ.ಎ. ವಿಕ್ಟರ್ ಸಂಸ್ಥೆಯವರು ೧೯೪೯ರಲ್ಲಿ ನಿಮಿಷಕ್ಕೆ ೪೫ ಸುತ್ತಿನ ಸಣ್ಣ ತಟ್ಟೆಯನ್ನು ತಂದ ಮೇಲೆ, ಅದಕ್ಕೆ ಒಗ್ಗುವ ಮೊದಲನೆಯ ಜ್ಯೂಕ್‌ಬಾಕ್ಸನ್ನು ೧೯೫೦ರಲ್ಲಿ ಸೀಬರ್ಗಿನವರೇ ಹೊರತಂದರು. ನಮ್ಮ ದೇಶದಲ್ಲಿಯೂ ಮುಂಬಯಿಯ ಕೆಲವು ಇರಾನಿ ಉಪಾಹಾರಗೃಹಗಳಲ್ಲಿ ಜ್ಯೂಕ್‌ಬಾಕ್ಸುಗಳು ಇದ್ದುವು.

ಸೀಬರ್ಗ್ ಯಂತ್ರದೊಳಗೆ ನಡೆಯುವ ಕೆಲಸವನ್ನು ಸ್ವಲ್ಪ ಗಮನಿಸೋಣ. ತಟ್ಟೆಗಳು ಪುಸ್ತಕಗಳಂತೆ ನೆಟ್ಟಗೆ ಒಂದೇ ಸಾಲಿನಲ್ಲಿ ನಿಂತಿರುತ್ತವೆ. ಒಂದು ಅಕ್ಷರದ ಗುಂಡಿಯನ್ನೂ ಒಂದು ಅಂಕಿಯ ಗುಂಡಿಯನ್ನೂ ಒತ್ತಿದರೆ ನಾವು ಬಯಸಿದ ಹಾಡಿನ ಗುರುತು ಯಂತ್ರದಲ್ಲಿ ನಿಲ್ಲುತ್ತದೆ. ಆಗ ಸಾಲಿನ ಉದ್ದಕ್ಕೂ ಹಳಿಗಳ ಮೇಲೆ ಒಂದು ಬಂಡಿ ಚಲಿಸತೊಡಗುತ್ತದೆ. ಗುರುತಿನ ಎದುರಿಗೆ ಬಂದೊಡನೆ ವಿದ್ಯುತ್ಕಾಂತವೊಂದು ಸೆಳೆದು ಬಂಡಿಯನ್ನು ನಿಲ್ಲಿಸುತ್ತದೆ. ಸನ್ನೆಯೊಂದು ತಟ್ಟೆಯನ್ನು ಸಾಲಿನಿಂದ ಹೊರಕ್ಕೆತ್ತುತ್ತದೆ, ಹಿಡಿಕೆಯೊಂದು ಅದನ್ನು ನಡುವೆ ಹಿಡಿಯುತ್ತದೆ, ಮುಳ್ಳಿರುವ ತೋಳು ಬಂದು ತಟ್ಟೆಯ ಗೆರೆಯನ್ನು ಮುಟ್ಟುತ್ತದೆ. ತಟ್ಟೆ ನೆಟ್ಟಗೆ ನಿಂತಂತೆಯೇ ತಿರುಗುತ್ತದೆ. ಹಾಡು ಮುಗಿದೊಡನೆ ಈ ಎಲ್ಲ ಕ್ರಿಯೆಗಳೂ ಹಿಂದುಮುಂದಾಗಿ ನಡೆದು ತಟ್ಟೆ ತನ್ನ ಮನೆಯನ್ನು ಸೇರುತ್ತದೆ. ಬಂಡಿ ಸಾಲಿನ ಕ್ರಮದಲ್ಲಿ ಹುಡುಕುವುದರಿಂದ ಹಾಡುಗಳು ನುಡಿಯುವುದು ಸಾಲಿನ ಕ್ರಮದಲ್ಲಿ, ಹಣ ಕೊಟ್ಟವರ ಕ್ರಮದಲ್ಲಿ ಅಲ್ಲ.

ಇಷ್ಟು ಕೆಲಸಕ್ಕೆ ಒಂದು ಸಣ್ಣ ಮೋಟಾರು, ಕೆಲವು ವಿದ್ಯುತ್ಕಾಂತಗಳು ಮತ್ತು ಸ್ಪ್ರಿಂಗುಗಳೇ ಆಧಾರ. ಇವುಗಳ ಬಲ ಬಹಳ ಕಡಿಮೆ. ಒಂದು ಸನ್ನೆ ತನ್ನ ಕೀಲಿನಲ್ಲಿ ಸ್ವಲ್ಪ ಬಿಗಿಯಾದರೂ ಸಾಕು, ಸ್ಪ್ರಿಂಗಿಗೆ ಅದನ್ನು ಎಳೆಯಲಾಗುವುದಿಲ್ಲ. ಒಂದು ಹೆಜ್ಜೆ ತಪ್ಪಿದರೆ ಮುಂದಿನ ಹೆಜ್ಜೆಗಳೆಲ್ಲ ತಪ್ಪುತ್ತವೆ. ಬಂಡಿ ನಿಲ್ಲಬೇಕಾದಲ್ಲಿ ನಿಲ್ಲದೆ ಅತ್ತಿಂದಿತ್ತ ಓಡಾಡುತ್ತಲೇ ಇರುವುದು, ತಟ್ಟೆ ಅರ್ಧ ಮೇಲಕ್ಕೆ ಬಂದು ನಿಲ್ಲುವುದು, ಹಾಡು ಎಳೆದಾಡಿದಂತೆ ನಿಧಾನವಾಗುವುದು ಇವೆಲ್ಲ ಆ ಬಿಗಿತದ ಲಕ್ಷಣಗಳು.

ಎಣ್ಣೆ ಅಂಟಾಗುವ ಬಗೆ

ಕೀಲೆಣ್ಣೆ ಶಾಶ್ವತ ವಸ್ತುವಲ್ಲ. ಅದು ಇಂಗಾಲ ಮತ್ತು ಜಲಜನಕಗಳಿಂದಾದ ಉದ್ದುದ್ದನೆಯ ಅಣುಗಳ ಮಿಶ್ರಣ. ಗಾಳಿಯಲ್ಲಿನ ಆಮ್ಲಜನಕ ಈ ಅಣುಗಳೊಂದಿಗೆ ಮೆಲ್ಲಮೆಲ್ಲನೆ ಸಂಯೋಗ ಹೊಂದುತ್ತದೆ. ಹೀಗೆ ಉತ್ಕರ್ಷಣ ಹೊಂದಿದ ಅಣುಗಳು ಒಂದಕ್ಕೊಂದು ಕೈ ಹಿಡಿದು ಇನ್ನೂ ದೊಡ್ಡ ಅಣುಗಳಾಗುತ್ತವೆ. ತೆಳ್ಳಗಿದ್ದ ಎಣ್ಣೆ ಮೊದಲು ಪಾಕದಂತೆ ಮಂದವಾಗಿ, ಬಳಿಕ ಮೇಣದಂತಾಗಿ, ಕೊನೆಗೆ ಲೋಹದ ಮೇಲೆ ಕಂದುಬಣ್ಣದ ವಾರ್ನಿಷಿನಂತೆ ಕುಳಿತುಬಿಡುತ್ತದೆ. ಶಾಖದಿಂದ ಈ ಕ್ರಿಯೆಗೆ ವೇಗ ಹೆಚ್ಚು. ತಾಪ ಹತ್ತು ಡಿಗ್ರಿ ಸೆಂಟಿಗ್ರೇಡ್ ಏರಿದಾಗ ವೇಗ ಸುಮಾರಾಗಿ ಇಮ್ಮಡಿಸುತ್ತದೆ. ಜ್ಯೂಕ್‌ಬಾಕ್ಸಿನ ಮುಚ್ಚಿದ ಪೆಟ್ಟಿಗೆಯಲ್ಲಿ ದೀಪಗಳೂ ವಾಲ್ವುಗಳೂ ದಿನವಿಡೀ ಉರಿಯುತ್ತಿದ್ದುವು. ಹೋಟೆಲಿನ ಧೂಳು, ಹೊಗೆಸೊಪ್ಪಿನ ಹೊಗೆ, ಅಡಿಗೆಮನೆಯ ಜಿಡ್ಡಿನ ಆವಿ ಇವೂ ಒಳಹೊಕ್ಕು ಎಣ್ಣೆಯೊಡನೆ ಬೆರೆಯುತ್ತಿದ್ದುವು.

ಗ್ರೀಸಿನ ಕಥೆ ಸ್ವಲ್ಪ ಬೇರೆ. ಗ್ರೀಸೆಂಬುದು ಬರಿಯ ಮಂದವಾದ ಎಣ್ಣೆಯಲ್ಲ. ಅದು ಸಾಬೂನಿನ ಅತಿ ಸೂಕ್ಷ್ಮವಾದ ಎಳೆಗಳ ಬಲೆಯೊಳಗೆ ಎಣ್ಣೆಯನ್ನು ಹಿಡಿದಿಟ್ಟ ಪದಾರ್ಥ. ಸ್ಪಂಜು ನೀರನ್ನು ಹಿಡಿದುಕೊಂಡಂತೆ ಸಾಬೂನು ಎಣ್ಣೆಯನ್ನು ಹಿಡಿದುಕೊಂಡಿರುತ್ತದೆ. ಕೀಲನ್ನು ನುಣುಪುಗೊಳಿಸುವುದು ಎಣ್ಣೆಯೇ ಹೊರತು ಸಾಬೂನಲ್ಲ. ವರ್ಷಗಳು ಕಳೆದಂತೆ ಎಣ್ಣೆ ಜಿನುಗಿ ಹೋಗುತ್ತದೆ, ಸ್ವಲ್ಪ ಆವಿಯಾಗುತ್ತದೆ. ಉಳಿಯುವುದು ಒಣಗಿದ ಸಾಬೂನಿನ ಗಟ್ಟಿ ಉಂಡೆ. ಹಲ್ಲುಚಕ್ರಗಳ ಸಂದುಗಳಲ್ಲಿ ಇದು ಸುಣ್ಣದ ಗಾರೆಯಂತೆ ಕೂತಿರುವುದುಂಟು.

ನಮ್ಮ ಮನೆಗಳಲ್ಲಿಯೂ ಇದಕ್ಕೆ ಹೋಲುವ ಅನುಭವ ದುರ್ಲಭವಲ್ಲ. ಕೈಗೆ ಸಿಕ್ಕಿತೆಂದು ಹೊಲಿಗೆಯಂತ್ರಕ್ಕೆ ಕೊಬ್ಬರಿ ಎಣ್ಣೆಯನ್ನು ಬಿಡುವವರುಂಟು. ಆ ಎಣ್ಣೆ ಸುಮಾರು ೨೪ ಡಿಗ್ರಿ ಸೆಂಟಿಗ್ರೇಡಿನ ಕೆಳಗೆ ಹೆಪ್ಪುಗಟ್ಟುತ್ತದೆ. ಚಳಿಗಾಲದ ಬೆಳಿಗ್ಗೆ ಯಂತ್ರದ ಚಕ್ರ ಭಾರವಾಗಿ ತಿರುಗುವುದು ಇದರಿಂದ. ಹೊಲಿಗೆಯಂತ್ರಕ್ಕೆಂದೇ ಮಾರುವ ತೆಳ್ಳನೆಯ ಖನಿಜ ತೈಲಕ್ಕೆ ಈ ದೋಷವಿಲ್ಲ.

ಮೊದಲು ಶುದ್ಧಿ, ಬಳಿಕ ಎಣ್ಣೆ

ಬಿಗಿಯಾದ ಯಂತ್ರವನ್ನು ಕಂಡೊಡನೆ ಅದರ ಮೇಲೆ ಹೊಸ ಎಣ್ಣೆಯನ್ನು ಸುರಿಯಬೇಕೆಂದು ಎಲ್ಲರಿಗೂ ಅನ್ನಿಸುತ್ತದೆ. ಹೊಸ ಎಣ್ಣೆ ಹಳೆಯ ಅಂಟನ್ನು ಅಷ್ಟಿಷ್ಟು ಕರಗಿಸಿ ಯಂತ್ರವನ್ನು ಕೆಲವು ದಿನ ನಡೆಸುವುದೂ ನಿಜ. ಆದರೆ ಕರಗಿದ ಅಂಟು ಯಂತ್ರವನ್ನು ಬಿಟ್ಟು ಹೋಗಿರುವುದಿಲ್ಲ. ಇನ್ನೂ ಒಳಗಿನ ಸಂದುಗಳಿಗೆ ಹರಿದು ಅಲ್ಲಿ ಮತ್ತೆ ಗಟ್ಟಿಯಾಗುತ್ತದೆ. ಡಬ್ಬಿಯಿಂದ ತುಂತುರಾಗಿ ಚಿಮ್ಮುವ ದ್ರವಗಳಿಂದ ಈ ಅಪಾಯ ಹೆಚ್ಚು. ಇವುಗಳಲ್ಲಿ ಹೆಸರಾದ ಡಬ್ಲ್ಯು.ಡಿ.-೪೦ ಎಂಬುದು ೧೯೫೩ರಲ್ಲಿ ಅಮೆರಿಕದಲ್ಲಿ ತಯಾರಾದುದು ಲೋಹದ ಮೇಲಿನ ನೀರನ್ನು ದೂಡಿ ತುಕ್ಕನ್ನು ತಡೆಯಲೆಂದು. ಹೆಸರಿನ ಮೊದಲ ಎರಡು ಅಕ್ಷರಗಳ ಅರ್ಥವೂ ಅದೇ. ಆ ಕೆಲಸಕ್ಕೆ ಅದು ತಕ್ಕುದೇ. ಆದರೆ ಅದರ ಬಹುಭಾಗ ಬೇಗನೆ ಆರಿಹೋಗುವ ದ್ರಾವಕ. ಉಳಿಯುವುದು ತೀರ ತೆಳುವಾದ ಪೊರೆ. ಅಲ್ಲದೆ ತುಂತುರು ಬೇಕಾದ ಕಡೆಗೂ ಬೇಡವಾದ ಕಡೆಗೂ ಒಂದೇ ಸಮನೆ ಬೀಳುತ್ತದೆ.

ಆದುದರಿಂದ ಮೊದಲ ಕೆಲಸ ಶುದ್ಧಿ. ಅದಕ್ಕೂ ಮೊದಲು ಒಂದು ಎಚ್ಚರಿಕೆ: ಪ್ಲಗ್ಗನ್ನು ಗೋಡೆಯಿಂದ ಕಿತ್ತು ದೂರವಿಡಬೇಕು. ವಾಲ್ವಿನ ಧ್ವನಿವರ್ಧಕಗಳಲ್ಲಿ ಕೆಲವು ನೂರು ವೋಲ್ಟುಗಳ ಒತ್ತಡವಿರುತ್ತದೆ. ವಿದ್ಯುತ್ತನ್ನು ಕಡಿದ ಮೇಲೆಯೂ ಧಾರಕಗಳಲ್ಲಿ ಪ್ರಾಣಾಪಾಯಕರವಾದ ಆವೇಶ ಉಳಿದಿರಬಹುದು. ಅದನ್ನು ಬರಿದುಮಾಡುವ ಕೆಲಸ ಅನುಭವವುಳ್ಳವರದು. ವಿದ್ಯಾರ್ಥಿಗಳು ಒಂಟಿಯಾಗಿ ಅದಕ್ಕೆ ಕೈಹಾಕಬಾರದು.

ಬಿಚ್ಚುವ ಮೊದಲು ಪ್ರತಿಯೊಂದು ಸ್ಪ್ರಿಂಗಿನ, ಪ್ರತಿಯೊಂದು ಬಿಲ್ಲೆಯ ಸ್ಥಾನವನ್ನೂ ಚಿತ್ರದಲ್ಲಿ ದಾಖಲಿಸಿಕೊಳ್ಳಬೇಕು. ಮೋಟಾರಿನ ದಂಡವನ್ನು ಕೈಯಿಂದಲೇ ಮೆಲ್ಲನೆ ತಿರುಗಿಸಿ ಇಡೀ ಆವರ್ತವನ್ನು ಒಮ್ಮೆ ನಡೆಸಿ ನೋಡಿದರೆ ಬಿಗಿ ಎಲ್ಲಿದೆಯೆಂಬುದು ಬೆರಳಿಗೇ ತಿಳಿಯುತ್ತದೆ. ಬಲಪ್ರಯೋಗ ಮಾತ್ರ ಸಲ್ಲದು. ಹಳೆಯ ಯಂತ್ರಗಳ ಎರಕದ ಭಾಗಗಳು ಅನೇಕವೇಳೆ ಸತುವಿನ ಮಿಶ್ರಲೋಹದವು. ಆ ಸತುವಿನಲ್ಲಿ ಅತ್ಯಲ್ಪ ಪ್ರಮಾಣದ ಸೀಸ ಬೆರೆತಿದ್ದರೂ ದಶಕಗಳು ಕಳೆದ ಮೇಲೆ ಲೋಹ ಒಳಗಿಂದೊಳಗೇ ಕೊರೆದು, ಉಬ್ಬಿ, ಬಿರುಕುಬಿಟ್ಟು, ಬಿಸ್ಕತ್ತಿನಂತೆ ಮುರಿಯುತ್ತದೆ.

ಗಟ್ಟಿಯಾದ ಗ್ರೀಸನ್ನು ಮರದ ಕಡ್ಡಿಯಿಂದ ಕೆರೆದು ತೆಗೆಯಬೇಕು. ಉಕ್ಕಿನ ಚೂಪು ಲೋಹವನ್ನು ಗೀರುತ್ತದೆ. ಉಳಿದುದನ್ನು ಸೀಮೆಎಣ್ಣೆ ಅಥವಾ ಬಣ್ಣಗಾರರು ಬಳಸುವ ಖನಿಜ ದ್ರಾವಕದಲ್ಲಿ ಅದ್ದಿದ ಕುಂಚದಿಂದ ಉಜ್ಜಿ ತೊಳೆಯಬಹುದು. ಈ ಕೆಲಸ ಗಾಳಿಯಾಡುವ ಸ್ಥಳದಲ್ಲಿ, ಬೆಂಕಿಯಿಂದ ದೂರದಲ್ಲಿ ನಡೆಯಬೇಕು. ಪೆಟ್ರೋಲನ್ನು ಎಂದಿಗೂ ಬಳಸಬಾರದು. ಸೊನ್ನೆ ಡಿಗ್ರಿಗಿಂತ ಬಹಳ ಕೆಳಗಿನ ತಾಪದಲ್ಲಿಯೂ ಹೊತ್ತಿಕೊಳ್ಳಬಲ್ಲ ಆವಿಯನ್ನು ಅದು ಹೊರಬಿಡುತ್ತದೆ. ಮೇಲಿನ ದ್ರಾವಕಗಳು ರಬ್ಬರನ್ನು ಉಬ್ಬಿಸುವುದರಿಂದ ರಬ್ಬರಿನ ಚಕ್ರಗಳನ್ನು ಮೊದಲೇ ತೆಗೆದಿಟ್ಟು ಮದ್ಯಸಾರದಿಂದ ಒರೆಸಬೇಕು. ಆದರೆ ಅದೇ ಮದ್ಯಸಾರ ೭೮ ಸುತ್ತಿನ ಹಳೆಯ ತಟ್ಟೆಗಳಿಗೆ ವಿಷ. ಅವುಗಳಲ್ಲಿರುವ ಅರಗು ಮದ್ಯಸಾರದಲ್ಲಿ ಕರಗುತ್ತದೆ. ೪೫ ಸುತ್ತಿನ ತಟ್ಟೆಗಳಾದರೆ ಹೆಚ್ಚಾಗಿ ವಿನೈಲ್ ಎಂಬ ಪ್ಲಾಸ್ಟಿಕ್ಕಿನವು.

ಪೊರೆಯ ರಹಸ್ಯ

ಈಗ ಯಂತ್ರ ಶುಚಿಯಾಗಿ ಒಣಗಿದೆ. ಎಲ್ಲಿಗೆ ಯಾವ ಎಣ್ಣೆ ಎಂಬುದನ್ನು ನಿರ್ಣಯಿಸಬೇಕಾದರೆ ಎಣ್ಣೆ ಕೆಲಸಮಾಡುವ ವಿಧಾನವನ್ನು ತಿಳಿದಿರಬೇಕು.

೧೮೮೩ರಲ್ಲಿ ಇಂಗ್ಲೆಂಡಿನ ಬೋಷಾಂ ಟವರ್ ಎಂಬ ಎಂಜಿನಿಯರನು ರೈಲ್ವೆ ಗಾಡಿಯ ಅಚ್ಚಿನ ಬೇರಿಂಗಿನ ಮೇಲೆ ಪ್ರಯೋಗಗಳನ್ನು ನಡೆಸುತ್ತಿದ್ದನು. ಎಣ್ಣೆ ಬಿಡಲೆಂದು ಬೇರಿಂಗಿನ ನೆತ್ತಿಯಲ್ಲಿ ಒಂದು ರಂಧ್ರವನ್ನು ಕೊರೆದಾಗ, ಅಚ್ಚು ತಿರುಗತೊಡಗಿದೊಡನೆ ಎಣ್ಣೆ ಆ ರಂಧ್ರದಿಂದ ಮೇಲಕ್ಕೆ ಉಕ್ಕಿತು. ರಂಧ್ರಕ್ಕೆ ಮರದ ಬಿರಡೆಯನ್ನು ಬಡಿದರೆ ಆ ಬಿರಡೆಯೂ ಹೊರಕ್ಕೆ ತಳ್ಳಲ್ಪಟ್ಟಿತು. ಒತ್ತಡವನ್ನು ಅಳೆದು ನೋಡಿದಾಗ ಅದು ಭಾರದಿಂದುಂಟಾದ ಸರಾಸರಿ ಒತ್ತಡದ ಇಮ್ಮಡಿಗೂ ಮಿಕ್ಕಿತ್ತು. ಅಚ್ಚು ಬೇರಿಂಗನ್ನು ಮುಟ್ಟಿಯೇ ಇರಲಿಲ್ಲ. ಅದು ಎಣ್ಣೆಯ ಪೊರೆಯ ಮೇಲೆ ತೇಲುತ್ತಿತ್ತು! ಇದರ ಗಣಿತವನ್ನು ೧೮೮೬ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ವಿವರಿಸಿದನು. ತಿರುಗುವ ಅಚ್ಚು ತನ್ನ ಮೈಗೆ ಅಂಟಿದ ಎಣ್ಣೆಯನ್ನು ಇಕ್ಕಟ್ಟಾಗುತ್ತ ಹೋಗುವ ಸಂದಿಯೊಳಕ್ಕೆ ಎಳೆದೊಯ್ಯುತ್ತದೆ. ಎಣ್ಣೆಗೆ ಸ್ನಿಗ್ಧತೆ ಇರುವುದರಿಂದ ಅದು ಸುಲಭವಾಗಿ ನುಣುಚಿಕೊಳ್ಳಲಾರದು. ಹೀಗೆ ಸಂದಿಯಲ್ಲಿ ಒತ್ತಡ ಹುಟ್ಟಿ ಅಚ್ಚನ್ನು ಎತ್ತಿಹಿಡಿಯುತ್ತದೆ.

ಆದರೆ ಈ ಪೊರೆ ಹುಟ್ಟಲು ವೇಗ ಬೇಕು. ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಸುತ್ತು ತಿರುಗುವ ಮೋಟಾರಿನಲ್ಲಿ ಅದು ಹುಟ್ಟುತ್ತದೆ. ಹಾಡಿಗೊಂದಾವೃತ್ತಿ ಕಾಲಂಗುಲ ಸರಿಯುವ ಸನ್ನೆಯಲ್ಲಿ ಹುಟ್ಟುವುದಿಲ್ಲ. ಅಲ್ಲಿ ನಡೆಯುವ ಕ್ರಿಯೆಯನ್ನು ೧೯೨೦ರ ದಶಕದಲ್ಲಿ ವಿಲಿಯಂ ಹಾರ್ಡಿ ಎಂಬ ವಿಜ್ಞಾನಿ ಪರಿಶೀಲಿಸಿದನು. ಕೆಲವು ಅಣುಗಳ ಒಂದು ತುದಿ ಲೋಹವನ್ನು ಹಿಡಿದುಕೊಳ್ಳುತ್ತದೆ, ಮತ್ತೊಂದು ತುದಿ ಹೊರಕ್ಕೆ ಚಾಚಿರುತ್ತದೆ. ಒತ್ತಾಗಿ ಬೆಳೆದ ಗರಿಕೆಯಂತೆ ನಿಂತ ಈ ಅಣುಗಳ ಪದರ ಎರಡು ಲೋಹಗಳು ನೇರವಾಗಿ ಮುಟ್ಟುವುದನ್ನು ತಪ್ಪಿಸುತ್ತದೆ. ಈ ಪದರ ಕೆಲವೇ ಅಣುಗಳಷ್ಟು ದಪ್ಪ. ಅದಕ್ಕೆ ಒಂದು ಹನಿಯಲ್ಲಿನ ಅಲ್ಪಾಂಶವೇ ಸಾಕು. ಉಳಿದುದೆಲ್ಲ ಧೂಳನ್ನು ಹಿಡಿಯುವ ಬಲೆ.

ಎಲ್ಲಿಗೆ ಯಾವುದು?

ಈ ತಿಳಿವಳಿಕೆಯೊಂದಿಗೆ ಯಂತ್ರಕ್ಕೆ ಮರಳೋಣ. ಮೋಟಾರಿನ ಬೇರಿಂಗುಗಳಿಗೆ ಎಸ್.ಎ.ಇ. ೨೦ ಎಂಬ ದರ್ಜೆಯ, ಶೋಧಕ ರಾಸಾಯನಿಕಗಳು ಬೆರೆಯದ ಎಣ್ಣೆ ಯೋಗ್ಯ. ಮೋಟಾರು ಕಾರಿಗೆಂದು ಮಾರುವ ಎಣ್ಣೆಯಲ್ಲಿ ಕೊಳೆಯನ್ನು ತೇಲಿಸಿಡುವ ರಾಸಾಯನಿಕಗಳಿರುತ್ತವೆ. ಕಾರಿನಲ್ಲಿ ಆ ಕೊಳೆಯನ್ನು ಸೋಸುವ ಜಾಲರಿ ಉಂಟು. ಸಣ್ಣ ಮೋಟಾರಿನಲ್ಲಿ ಅದಿಲ್ಲ.

ಬೇರಿಂಗುಗಳಲ್ಲಿ ಒಂದು ವಿಶೇಷ ಜಾತಿ ಇದೆ. ಸುಮಾರು ಹತ್ತರಲ್ಲಿ ಒಂಬತ್ತು ಪಾಲು ತಾಮ್ರ, ಒಂದು ಪಾಲು ತವರದ ಪುಡಿಗಳನ್ನು ಅಚ್ಚಿನಲ್ಲಿ ಒತ್ತಿ, ಕರಗದಷ್ಟು ಕಾಸಿ, ಕಣಗಳು ಒಂದಕ್ಕೊಂದು ಬೆಸೆದುಕೊಳ್ಳುವಂತೆ ಮಾಡಿರುತ್ತಾರೆ. ಹೊರಗೆ ಗಟ್ಟಿ ಕಂಚಿನಂತೆ ಕಾಣುವ ಇದರ ಒಡಲಿನಲ್ಲಿ ಸುಮಾರು ಐದನೆಯ ಒಂದು ಭಾಗ ಸೂಕ್ಷ್ಮ ರಂಧ್ರಗಳು. ಅವುಗಳ ತುಂಬ ಎಣ್ಣೆ. ದಂಡ ತಿರುಗಿ ಬಿಸಿಯಾದಾಗ ಎಣ್ಣೆ ಹೊರಕ್ಕೆ ಬರುತ್ತದೆ, ನಿಂತು ತಣ್ಣಗಾದಾಗ ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆ ರಂಧ್ರಗಳು ಅದನ್ನು ಮರಳಿ ಹೀರಿಕೊಳ್ಳುತ್ತವೆ. ಇಂಥ ಬೇರಿಂಗನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿದರೆ ಕೂಡಿಟ್ಟ ಎಣ್ಣೆಯೆಲ್ಲ ಹೋಗಿಬಿಡುತ್ತದೆ. ಹಾಗಾದಲ್ಲಿ ಬೆಚ್ಚಗಿನ ಎಣ್ಣೆಯಲ್ಲಿ ಬಹಳ ಹೊತ್ತು ಮುಳುಗಿಸಿಟ್ಟು ಅದನ್ನು ಮತ್ತೆ ತುಂಬಬೇಕು. ಗ್ರೀಸು ಇದಕ್ಕೆ ಸಲ್ಲದು. ಅದರ ಸಾಬೂನು ರಂಧ್ರಗಳ ಬಾಯಿಯನ್ನು ಮುಚ್ಚುತ್ತದೆ.

ಲೋಹದ ಹಲ್ಲುಚಕ್ರಗಳಿಗೂ ಉಬ್ಬುಚಕ್ರಗಳಿಗೂ ಗ್ರೀಸೇ ಸರಿ. ಎಣ್ಣೆ ಅಲ್ಲಿಂದ ಸಿಡಿದುಹೋಗುತ್ತದೆ. ೧೯೪೨ರಲ್ಲಿ ಅಮೆರಿಕದ ಕ್ಲಾರೆನ್ಸ್ ಅರ್ಲ್ ಪೇಟೆಂಟು ಪಡೆದ ಲಿಥಿಯಂ ಸಾಬೂನಿನ ಗ್ರೀಸು ನೀರಿಗೂ ಶಾಖಕ್ಕೂ ಜಗ್ಗದಂಥದು. ಇಂದು ಎಲ್ಲೆಡೆಯೂ ಬಳಕೆಯಲ್ಲಿದೆ. ಹಲ್ಲುಗಳ ಮೇಲೆ ತೆಳುವಾಗಿ ಸವರಿದರೆ ಸಾಕು. ಹಳೆಯ ಗ್ರೀಸಿನ ಮೇಲೆಯೇ ಹೊಸದನ್ನು ಹಚ್ಚಬಾರದು. ಬೇರೆ ಬೇರೆ ಸಾಬೂನುಗಳ ಗ್ರೀಸುಗಳು ಬೆರೆತಾಗ ಕೆಲವೊಮ್ಮೆ ಎರಡರ ಬಲೆಯೂ ಕಳಚಿ ಎಣ್ಣೆ ಸೋರಿಹೋಗುತ್ತದೆ. ಸನ್ನೆಗಳ ಕೀಲುಗಳಿಗೆ ಸೂಜಿಯ ತುದಿಯಿಂದ ಒಂದೊಂದು ಹನಿ ಎಣ್ಣೆ ಮುಟ್ಟಿಸಿ ಮಿಕ್ಕುದನ್ನು ಬಟ್ಟೆಯಿಂದ ಒರೆಸಬೇಕು. ತಯಾರಕರ ಕೈಪಿಡಿ ದೊರೆಯುವುದಾದರೆ ಅದರ ಮಾತೇ ಪ್ರಮಾಣ. ಎಷ್ಟು ಹನಿ, ಎಷ್ಟು ಕಾಲಕ್ಕೊಮ್ಮೆ ಎಂಬುದನ್ನು ಯಂತ್ರವನ್ನು ರಚಿಸಿದವರಿಗಿಂತ ಚೆನ್ನಾಗಿ ಬಲ್ಲವರಾರು?

ಒಣಗಿಯೇ ಇರಬೇಕಾದ ಭಾಗಗಳು

ಇನ್ನು ಎಣ್ಣೆ ಮುಟ್ಟಬಾರದ ಕಡೆಗಳು. ಹಲವು ಜ್ಯೂಕ್‌ಬಾಕ್ಸುಗಳಲ್ಲಿ ಮೋಟಾರಿನ ತಿರುಗುವಿಕೆ ತಟ್ಟೆಯ ಪೀಠಕ್ಕೆ ತಲುಪುವುದು ರಬ್ಬರಿನ ಅಂಚುಳ್ಳ ಚಕ್ರದ ಮೂಲಕ. ಅಲ್ಲಿ ಹಲ್ಲುಗಳಿಲ್ಲ; ಹಿಡಿತವೆಲ್ಲ ಘರ್ಷಣೆಯದೇ. ಬೆರಳಿನ ಜಿಡ್ಡು ತಗುಲಿದರೂ ಚಕ್ರ ಜಾರಿ ಹಾಡು ಅಲುಗುತ್ತದೆ. ಚಲನೆಯನ್ನು ಕೂಡಿಸುವ ಬಿಡಿಸುವ ಕ್ಲಚ್ಚಿನ ಬಿಲ್ಲೆಗಳೂ ಹಾಗೆಯೇ. ಇವು ಬೈಸಿಕಲ್ಲಿನ ಬ್ರೇಕಿನ ಜಾತಿಗೆ ಸೇರಿದುವು.

ವಿದ್ಯುತ್ಕಾಂತದ ಸುರುಳಿಯೊಳಗೆ ಜಾರುವ ಕಬ್ಬಿಣದ ದಂಡಕ್ಕೆ ಎಣ್ಣೆ ಬೇಡವೆಂದರೆ ಆಶ್ಚರ್ಯವಾಗಬಹುದು. ಲೋಹ ಜಾರುವ ಕಡೆ ಎಣ್ಣೆ ಬೇಡವೇ? ಬೇಡ. ಈ ದಂಡ ತನ್ನ ಕೊಳವೆಯಲ್ಲಿ ಸಡಿಲವಾಗಿಯೇ ಇರುತ್ತದೆ. ಎಣ್ಣೆ ಬಿಟ್ಟರೆ ಧೂಳು ಸೇರಿ ಕೆಸರಾಗಿ ಅದನ್ನು ಹಿಡಿಯುತ್ತದೆ. ದಂಡ ಪೂರ್ತಿಯಾಗಿ ಒಳಸೇರದಿದ್ದರೆ ಪರ್ಯಾಯ ವಿದ್ಯುತ್ತಿನ ಸುರುಳಿಯಲ್ಲಿ ಪ್ರವಾಹ ಹೆಚ್ಚಿ, ಸುರುಳಿ ಬಿಸಿಯಾಗಿ ಸುಟ್ಟೇ ಹೋಗಬಹುದು. ಇದಕ್ಕೆ ಸುಲಭವಾದ ಪರೀಕ್ಷೆಯೊಂದಿದೆ: ಒಣ ಬಟ್ಟೆಯಿಂದ ಶುಚಿಗೊಳಿಸಿದ ದಂಡ ತನ್ನ ಭಾರದಿಂದಲೇ ಕೊಳವೆಯಲ್ಲಿ ಸಲೀಸಾಗಿ ಕೆಳಗಿಳಿಯಬೇಕು.

ವಿದ್ಯುತ್ ಸಂಪರ್ಕದ ಬಿಂದುಗಳಿಗೂ ಎಣ್ಣೆ ಹಿತವಲ್ಲ. ಸಂಪರ್ಕ ಕಡಿಯುವಾಗ ಹಾರುವ ಕಿಡಿ ಎಣ್ಣೆಯನ್ನು ಸುಟ್ಟು ಮಸಿಯ ಪದರವನ್ನು ಬೆಳೆಸುತ್ತದೆ. ಗಟ್ಟಿ ಕಾಗದದ ಪಟ್ಟಿಯನ್ನು ಮದ್ಯಸಾರದಲ್ಲಿ ಒದ್ದೆಮಾಡಿ ಬಿಂದುಗಳ ನಡುವೆ ಎಳೆದರೆ ಅವು ಶುಚಿಯಾಗುತ್ತವೆ. ಉಜ್ಜು ಕಾಗದವಾದರೆ ಮೇಲಣ ಬೆಳ್ಳಿಯನ್ನೇ ಸವೆಸುತ್ತದೆ.

ನಾಣ್ಯದ ದಾರಿ ಎಲ್ಲಕ್ಕಿಂತ ಸ್ವಾರಸ್ಯವಾದುದು. ನಾಣ್ಯದ ಗಾತ್ರವನ್ನೂ ತೂಕವನ್ನೂ ಪರೀಕ್ಷಿಸಿದ ಮೇಲೆ ಯಂತ್ರ ಅದನ್ನು ಅಯಸ್ಕಾಂತದ ಮುಂದೆ ಉರುಳಿಸುತ್ತದೆ. ಕಬ್ಬಿಣದ ಬಿಲ್ಲೆಯಾದರೆ ಅಲ್ಲಿಯೇ ಅಂಟಿ ನಿಲ್ಲುತ್ತದೆ. ಕಬ್ಬಿಣವಲ್ಲದ ಲೋಹದಲ್ಲಿ, ಅಯಸ್ಕಾಂತದ ಕ್ಷೇತ್ರವನ್ನು ಹಾಯುವಾಗ, ಫ್ಯಾರಡೆ ಕಂಡುಹಿಡಿದ ಪ್ರೇರಣೆಯಿಂದ ಸುಳಿಪ್ರವಾಹಗಳು ಹುಟ್ಟಿ ವೇಗವನ್ನು ತಗ್ಗಿಸುತ್ತವೆ. ಎಷ್ಟು ತಗ್ಗುವುದೆಂಬುದು ಲೋಹದ ವಾಹಕತೆಯನ್ನೂ ಅವಲಂಬಿಸಿದೆ. ಅಮೆರಿಕದ ಐದು ಸೆಂಟಿನ ನಾಣ್ಯದಲ್ಲಿ ಮುಕ್ಕಾಲು ಪಾಲು ತಾಮ್ರ, ಕಾಲು ಪಾಲು ನಿಕ್ಕಲ್. ತೂಕ ಐದು ಗ್ರಾಂ. ಆ ನಾಣ್ಯಕ್ಕೆ ಸಲ್ಲುವ ವೇಗದಲ್ಲಿ ಹೊರಬಿದ್ದುದು ಮಾತ್ರ ಸರಿಯಾದ ಗಂಡಿಗೆ ಹಾರುತ್ತದೆ. ಖೋಟಾ ಬಿಲ್ಲೆ ಬೇರೆ ವೇಗದಲ್ಲಿ ಬಂದು ಬೇರೆಡೆಗೆ ಬೀಳುತ್ತದೆ. ಈ ದಾರಿಗೆ ಒಂದು ಹನಿ ಎಣ್ಣೆ ಬಿದ್ದರೆ ನಾಣ್ಯ ಅಂಟಿ ತಡವಾಗಿ ಹೊರಬೀಳುತ್ತದೆ. ಯಂತ್ರ ಒಳ್ಳೆಯ ನಾಣ್ಯವನ್ನೇ ಖೋಟಾ ಎಂದು ಹೊರಕ್ಕೆಸೆಯುತ್ತದೆ!

ಅರುವತ್ತರ ಯಂತ್ರ ಐವತ್ತರ ನಾಡಿನಲ್ಲಿ

ಎಣ್ಣೆಯೆಲ್ಲ ಸರಿಯಾಗಿದ್ದರೂ ಹಾಡು ನಿಧಾನವಾಗಬಹುದಾದ ಒಂದು ಸಂದರ್ಭವನ್ನು ಇಲ್ಲಿ ಹೇಳಲೇಬೇಕು. ಅಮೆರಿಕದ ಪರ್ಯಾಯ ವಿದ್ಯುತ್ತಿನ ಆವೃತ್ತಿ ಸೆಕೆಂಡಿಗೆ ೬೦, ಭಾರತದಲ್ಲಿ ೫೦. ಅಲ್ಲಿಯ ಯಂತ್ರವನ್ನು ಇಲ್ಲಿಗೆ ತಂದಾಗ ೨೩೦ ವೋಲ್ಟನ್ನು ಅದಕ್ಕೆ ತಕ್ಕಂತೆ ಟ್ರಾನ್ಸ್‌ಫಾರ್ಮರಿನಿಂದ ಇಳಿಸಬಹುದು. ಆದರೆ ಟ್ರಾನ್ಸ್‌ಫಾರ್ಮರು ಆವೃತ್ತಿಯನ್ನು ಬದಲಾಯಿಸದು. ಇಂಥ ಮೋಟಾರುಗಳ ವೇಗ ಆವೃತ್ತಿಯನ್ನು ಅನುಸರಿಸುವುದರಿಂದ ಎಲ್ಲವೂ ಆರನೆಯ ಒಂದರಷ್ಟು ನಿಧಾನವಾಗುತ್ತದೆ. ೪೫ ಸುತ್ತಿನ ತಟ್ಟೆ ೩೭½ ಸುತ್ತು ತಿರುಗುತ್ತದೆ. ಮೂರು ನಿಮಿಷದ ಹಾಡಿಗೆ ೩ ನಿಮಿಷ ೩೬ ಸೆಕೆಂಡು ಹಿಡಿಯುತ್ತದೆ.

ಶ್ರುತಿಯೂ ಇಳಿಯುತ್ತದೆ. ನಮ್ಮ ಸಂಗೀತದಲ್ಲಿ ಷಡ್ಜಕ್ಕೂ ಸಾಧಾರಣ ಗಾಂಧಾರಕ್ಕೂ ಇರುವ ಅನುಪಾತ ೬/೫. ಇಲ್ಲಿ ಆದ ಇಳಿತವೂ ಸರಿಯಾಗಿ ಅಷ್ಟೇ. ಗಾಯಕನು ಸಾಧಾರಣ ಗಾಂಧಾರದಲ್ಲಿ ನಿಲ್ಲಿಸಿದ ಸ್ವರ ನಮಗೆ ಷಡ್ಜವಾಗಿ ಕೇಳುತ್ತದೆ. ಇದು ಎಣ್ಣೆಯಿಂದ ಗುಣವಾಗುವ ರೋಗವಲ್ಲ. ಮೋಟಾರಿನ ದಂಡದ ಮೇಲಿನ ರಾಟೆಯ ವ್ಯಾಸವನ್ನು ಐದನೆಯ ಒಂದರಷ್ಟು ಹೆಚ್ಚಿಸಿಯೋ, ಹಲ್ಲುಚಕ್ರಗಳ ಅನುಪಾತವನ್ನು ಬದಲಿಸಿಯೋ ಇದನ್ನು ಸರಿಪಡಿಸಬೇಕಾಗುತ್ತದೆ. ಬಿಗಿತದಿಂದಾದ ನಿಧಾನಕ್ಕೂ ಇದಕ್ಕೂ ವ್ಯತ್ಯಾಸವನ್ನು ಕಂಡುಹಿಡಿಯುವುದು ಕಷ್ಟವಲ್ಲ. ಬಿಗಿತದ ನಿಧಾನ ಒಂದೇ ಸಮನಾಗಿರುವುದಿಲ್ಲ, ಯಂತ್ರ ಬಿಸಿಯಾದಂತೆ ಬದಲಾಗುತ್ತದೆ. ಆವೃತ್ತಿಯ ನಿಧಾನ ಸದಾ ಅಷ್ಟೇ ಇರುತ್ತದೆ.

ವಿದ್ಯುತ್ ಭಾಗಗಳ ದುರಸ್ತಿ ಬೇರೊಂದು ಲೇಖನದ ವಿಷಯ. ಇಲ್ಲಿ ಇಷ್ಟು ಹೇಳಿದರೆ ಸಾಕು: ಹಳೆಯ ತಂತಿಗಳ ರಬ್ಬರ್ ಹೊದಿಕೆ ಪುಡಿಯಾಗಿರಬಹುದು, ಕಾಗದದ ಧಾರಕಗಳು ಸೋರುತ್ತಿರಬಹುದು, ಸೆಲೆನಿಯಂ ಏಕಮುಖಕಗಳು ಸುಟ್ಟರೆ ವಿಷದ ಆವಿ ಏಳುತ್ತದೆ. ಆದುದರಿಂದ ದಶಕಗಳ ಕಾಲ ನಿದ್ರಿಸಿದ ಯಂತ್ರವನ್ನು ಪರೀಕ್ಷಿಸದೆ ಒಮ್ಮೆಲೇ ವಿದ್ಯುತ್ತಿಗೆ ಜೋಡಿಸುವುದು ಅವಿವೇಕ.

ವುರ್ಲಿಟ್ಜರ್ ಸಂಸ್ಥೆ ೧೯೭೪ರಲ್ಲಿ ಅಮೆರಿಕದಲ್ಲಿ ಜ್ಯೂಕ್‌ಬಾಕ್ಸುಗಳ ತಯಾರಿಕೆಯನ್ನು ನಿಲ್ಲಿಸಿತು. ಆ ಕಾಲದ ಯಂತ್ರಗಳು ಇನ್ನು ಹೆಚ್ಚುವುದಿಲ್ಲ. ಇರುವುವು ಉಳಿದರೆ ಉಳಿದುವು. ಅವುಗಳ ಒಂದು ಹಲ್ಲುಚಕ್ರ ಮುರಿದರೆ ಮತ್ತೊಂದು ಯಂತ್ರವನ್ನು ಬಿಚ್ಚಿಯೇ ಅದನ್ನು ತರಬೇಕಾಗುವುದುಂಟು. ಹೀಗಿರುವಲ್ಲಿ ಅವಸರದ ಒಂದು ತುಂತುರಿಗಿಂತ ವಿವೇಚನೆಯ ಒಂದು ಹನಿ ಲೇಸು.

ಜ್ಯೂಕ್‌ಬಾಕ್ಸು ನಮ್ಮ ವಿದ್ಯಾರ್ಥಿಗಳಲ್ಲಿ ಹೆಚ್ಚು ಮಂದಿಗೆ ದೊರೆಯದಿರಬಹುದು. ಆದರೆ ಬೈಸಿಕಲ್ಲು, ಹೊಲಿಗೆಯಂತ್ರಗಳು ಎಲ್ಲೆಡೆಯೂ ಇವೆ. ಅವುಗಳಲ್ಲಿ ಒಂದರ ಚಿತ್ರವನ್ನು ಬರೆದು, ಘರ್ಷಣೆ ಬೇಡವಾದ ಸ್ಥಳಗಳಿಗೆ ಒಂದು ಬಣ್ಣವನ್ನೂ ಬೇಕಾದ ಸ್ಥಳಗಳಿಗೆ ಇನ್ನೊಂದು ಬಣ್ಣವನ್ನೂ ಕೊಡಲಿ. ಹೊಲಿಗೆಯಂತ್ರದ ಚಕ್ರಕ್ಕೆ ಸುತ್ತಿದ ಚರ್ಮದ ಪಟ್ಟಿಗೆ ಯಾವ ಬಣ್ಣ? ನೂಲನ್ನು ಬಿಗಿಹಿಡಿಯುವ ಬಿಲ್ಲೆಗಳಿಗೆ ಯಾವುದು? ಸೂಜಿಯನ್ನು ಹೊತ್ತು ಮೇಲೆ ಕೆಳಗೆ ಓಡಾಡುವ ದಂಡಕ್ಕೆ ಯಾವುದು? ಈ ಪ್ರಶ್ನೆಗಳಿಗೆ ಉತ್ತರವನ್ನು ಕಂಡುಕೊಂಡ ಮೇಲೆ ಎಣ್ಣೆಯ ಕುಪ್ಪಿಯನ್ನು ಕೈಗೆತ್ತಿಕೊಳ್ಳಬಹುದು.